ಮತ್ತೆ ಒಂದನೇ ಸಂಚಿಕೆ

ಬಸ್ ಓಡಿಸುವ ಡಾರ್ಲೀನ್ ತನ್ನ ಮೆಚ್ಚಿನ ಸೂಪರ್‌ಹೀರೋನ ಕಾಮಿಕ್ಸ್‌ನ ಹೊಸ ಸಂಚಿಕೆ ಎತ್ತಿಕೊಂಡವಳು ಮುಖಪುಟ ನೋಡಿ ಹುಬ್ಬು ಗಂಟಿಕ್ಕಿದಳು. ಮಾರಾಟ ಯಾಕೆ ಬಿದ್ದಿದೆಯೆಂದು ತಿಳಿಯಲು ಅಮೆರಿಕದ ಟೊಲೆಡೊ ಊರಿನ ಆ ಕಾಮಿಕ್ಸ್ ಅಂಗಡಿಗೆ ಬಂದಿದ್ದ ಅದರ ಸಂಪಾದಕ ವಿಟ್‌ಕೋಂಬ್, ನಿಂತಲ್ಲಿ ನಿಲ್ಲಲಾಗದೆ ಬಾಗಿಲ ಕಡೆಗೊಮ್ಮೆ, ಅವಳ ಕಡೆಗೊಮ್ಮೆ ನೋಡುತ್ತಿದ್ದ.

"ಹೋದ ತಿಂಗಳು ನಾನೂರ ಹನ್ನೊಂದನೇದು ಓದಿದ್ದೆ. ಇದೇನಪ್ಪ, ಮತ್ತೆ ಒಂದು?"

"ಹೊಸಬರಿಗೆ ಶುರು ಮಾಡೋಕೆ ಸುಲಭ ಆಗ್ಲಿ ಅಂತ, ಮೇಡಂ. ಕಥೆನೂ ಮೊದಲಿಂದ."

"ಅಂದ್ರೆ ಹೀರೋಗೆ ಮದುವೆ ಆಗಿಲ್ಲ? ಆ ಮಗಳು ಹುಟ್ಟೇ ಇಲ್ಲ?"

"ಇಲ್ಲ. ಈಗ ಅವನಿಗೆ ಇಪ್ಪತ್ತು ವರ್ಷ."

"ಅವನನ್ನ ಮೊದಲು ಓದಿದಾಗ ನನಗೂ ಅಷ್ಟೇ ಇತ್ತು." ಡಾರ್ಲೀನ್ ಪುಸ್ತಕದ ಮೂಲೆ ಮುದುಡದಂತೆ ಜೋಪಾನವಾಗಿ ಅದನ್ನು ಕಪಾಟಿಗೇ ಸೇರಿಸಿದಳು. "ಹೊಸಬರ ವಿಷಯ ಗೊತ್ತಿಲ್ಲಪ್ಪ. ನನಗಂತೂ ಬಿಡೋಕೆ ಸುಲಭ ಆಯ್ತು."