ಕಿಟಕಿಗೆ ಕಪ್ಪು ಬಣ್ಣ

"ಏಕ್ಯಾ, ಕಿಡಕಿ ಮುಚ್ಚಬ್ಯಾಡೋ!"

ಕಪ್ಪು ಬಣ್ಣದಲ್ಲಿ ಅದ್ದಿದ ಕುಂಚ ಏಕನಾಥನ ಕೈಯಲ್ಲಿ ಹಾಗೇ ನಿಂತಿತು. ಬಾಗಿಲಲ್ಲಿ ಅಕ್ಕ ಸೀತಾಬಾಯಿ. ವಿಮಾನ ಬಿದ್ದು ಗಂಡ ತೀರಿಕೊಂಡ ಮೇಲೆ ಅಣ್ಣಿಗೇರಿಯ ತವರಿಗೆ ಬಂದಿದ್ದ ಆಕೆ, ಮನೆಯಲ್ಲಿ ಯಾರೂ ವಿಮಾನದ ಸುದ್ದಿ ಎತ್ತದಂತೆ ನೋಡಿಕೊಂಡಿದ್ದಳು.

ಮೇಜಿನ ಮೇಲಿದ್ದ ಮೊಳದುದ್ದದ ಪ್ಲಾಸ್ಟಿಕ್ ವಿಮಾನವನ್ನು ಮುಂಬೈಯಿಂದ ತಂದುಕೊಟ್ಟವನು ಆ ಭಾವನೇ. ೧೯೭೭ರ ದೀಪಾವಳಿಗೆ ಬಂದಾಗ ಅಳಿಯ ಎಂಬ ಬಿಗುಮಾನ ಬಿಟ್ಟು, ನೆಲದ ಮೇಲೆ ಕೂತು, ಏಕನಾಥನ ಜೊತೆ ಬಿಡಿ ತುಂಡುಗಳನ್ನೆಲ್ಲ ಅಂಟಿಸಿದ್ದ. ಬಣ್ಣ ಬಳಿಯುವುದೊಂದು ಉಳಿದಿತ್ತು. ಅದನ್ನು ಅರ್ಧಕ್ಕೆ ಬಿಡಲು ಏಕನಾಥನಿಗೆ ಮನಸ್ಸಾಗಲಿಲ್ಲ. ಅಕ್ಕ ಗುಡಿಗೆ ಹೋದ ಹೊತ್ತು ನೋಡಿ ಮೈಗೆ ಬಿಳಿ, ಪಟ್ಟಿಗೆ ಕೆಂಪು ಬಳಿದು ಮುಗಿಸಿದ್ದ. ಸಾಲು ಕಿಟಕಿಗಳಿಗೆ ಕಪ್ಪು ಹಚ್ಚಿದರೆ ಆಯಿತು.

"ತಪ್ಪಾತಕ್ಕಾ. ಈಗ ತಗದಿಡತೀನಿ."

"ತಗೀಬ್ಯಾಡ." ಸೀತಾಬಾಯಿ ಬಂದು ಪಕ್ಕದಲ್ಲಿ ಕೂತಳು. ರೆಕ್ಕೆಯ ಹಿಂದಿದ್ದ ಪುಟ್ಟ ಕಿಟಕಿಯೊಂದರ ಮೇಲೆ ಬೆರಳಿಟ್ಟಳು. "ಉಳದದ್ದಕ್ಕೆಲ್ಲಾ ಹಚ್ಚು. ಇದೊಂದು ಬಿಡು. ಕಿಡಕಿ ಬಾಜೂನ ಕೂಡತೀನಿ, ಮ್ಯಾಲಿಂದ ಹೊಲಾ ಎಲ್ಲಾ ಹ್ಯಾಂಗ ಕಾಣಸ್ತಾವ ನೋಡಿ ಬಂದು ಹೇಳತೀನಿ ಅಂತ ಅವರು ಹೋಗೋ ಮುಂದ ಅಂದಿದ್ರು."

ಏಕನಾಥ ತಲೆಯಾಡಿಸಿದ.

ಸೀತಾಬಾಯಿ ವಿಮಾನವನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿ, ಆಚೆ ಮಗ್ಗುಲಿಗೆ ತಿರುಗಿಸಿದಳು.

"ಈ ಕಡೀದೂ ಒಂದು ಬಿಡೋ," ಎಂದಳು. "ಯಾವ ಬಾಜೂ ಕೂತಿದ್ರೋ, ನನಗೇನು ಗೊತ್ತು!"