ಗೆರೆಗಳು ಕೂಡುವ ಕಡೆ

ಹಟ್ಟಿಯ ಮುಳ್ಳುಬೇಲಿಯ ಆಚೆ, ಹೊಂಗೆಮರದಡಿ ಕೂತು ಓಬವ್ವ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು. ಬೇಲಿಯ ಸಂದಿನಲ್ಲಿ ನಿಂತ ಅವಳ ತಾಯಿ ಚಿತ್ತಮ್ಮನ ಕೈಯಲ್ಲಿ ಮುದ್ದೆ ಆರುತ್ತಿತ್ತು.

ಬೆಳಗಾದರೆ ಹೊಸದುರ್ಗದಲ್ಲಿ ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆ. ಇವತ್ತೇ ಹುಡುಗಿ ಮುಟ್ಟಾಗಿ ಹೊರಗೆ ಕೂತಿದ್ದಳು. ಹೊರಗೆ ಹೋದದ್ದು ಮತ್ತೆ ಒಳಗೆ ಬರುವಂತಿಲ್ಲವೆಂದು ಚಿತ್ತಮ್ಮನ ಮಾವ ಜುಂಜಯ್ಯ ಪುಸ್ತಕವನ್ನೂ ಕೊಡಲು ಬಿಟ್ಟಿರಲಿಲ್ಲ. ಗುಡಿಯ ಮುಂದಿನ ದಾರಿ ಬಿಟ್ಟು, ಹೊಲ ಸುತ್ತಿಕೊಂಡು ಬಸ್ಸಿಗೆ ಹೋಗಬೇಕು. ಒಬ್ಬಳೇ ಹೋಗಕೂಡದು; ಒಳಗಿನವರು ಹೊರಗಾದವಳ ಜೊತೆ ನಡೆಯುವ ಹಾಗಿಲ್ಲ. ಆದ್ದರಿಂದ ಪರೀಕ್ಷೆಯೇ ಬೇಡ ಎಂದು ತೀರ್ಮಾನ ಹೇಳಿ ಮುದುಕ ಕಂಬಳಿಯ ಮೇಲೆ ಕೂತಿದ್ದ. ಪರೀಕ್ಷೆ ತಪ್ಪಿದರೆ ಈ ಬೇಸಗೆಯಲ್ಲೇ ಮದುವೆ ಎಂಬ ಮಾತು ಮನೆಯಲ್ಲಿ ಮೊದಲೇ ಆಗಿತ್ತು. ಮಧ್ಯಾಹ್ನದಿಂದ ಚಿತ್ತಮ್ಮನಿಗೆ ಒಂದು ಕಡೆ ಕೂರಲಾಗಿರಲಿಲ್ಲ.

"ಏನೇ ಅದು?"

"ಎರಡು ಸಮೀಕರಣ ಅವೆ. ಒಂದೊಂದಕ್ಕೆ ಒಂದೊಂದು ಗೆರೆ. ಎಲ್ಲಿ ಕೂಡ್ತವೋ ಅಲ್ಲೈತೆ ಉತ್ತರ."

"ಕೂಡ್ದೆ ಹೋದ್ರೆ?"

"ಕೂಡ್ತವೆ ಕಣವ್ವ. ಇಲ್ಲಿ ಜಾಗ ಸಾಲಲಿಲ್ಲ ಅಷ್ಟೆ. ಆ ಕಡೆ ನಾನು ಬರಂಗಿಲ್ಲವಲ್ಲ."

ನಿಜ. ಹತ್ತಿರ ಹತ್ತಿರ ಬರುತ್ತಿದ್ದ ಎರಡು ಗೆರೆಗಳು ಬೇಲಿಯ ಸಂದಿಗೆ ಬಂದು ನಿಂತುಬಿಟ್ಟಿದ್ದವು. ಚಿತ್ತಮ್ಮ ಮುದ್ದೆಯನ್ನು ಮೇಲಿನಿಂದಲೇ ಮಗಳ ತಟ್ಟೆಗೆ ಹಾಕಿದಳು. ತಾನೂ ಇದೇ ಮರದಡಿ ಕೂತವಳು. ಕೂತಷ್ಟು ಹೊತ್ತೂ ಒಳಗಿನ ಕೆಲಸವನ್ನೇ ನೆನೆಯುತ್ತಿದ್ದಳು. ಬೆನ್ನ ಹಿಂದೆ ಒಂದು ದಾರಿ ಇದೆಯೆಂದು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಓಬವ್ವ ಮರದ ಬುಡದಲ್ಲಿ ಬಿದ್ದಿದ್ದ ಕುರಿ ಕಟ್ಟುವ ಹಗ್ಗವನ್ನು ಗೆರೆಯ ಮೇಲೆ ಹಾಸಿ, ನೇರ ಹೋದರೆ ಎಲ್ಲಿ ಮುಟ್ಟುವುದೋ ನೋಡೋಣವೆಂದು ತುದಿಯನ್ನು ಈಚೆಗೆ ಎಸೆದಳು. ಎಸೆದ ಮೇಲೆ ಗಾಬರಿಯಾದಳು.

"ಮುಟ್ಟಬ್ಯಾಡವ್ವ. ನಾನು ಹಿಡಿದಿದೀನಿ."

ಹೊರಗಾದವಳು ಹಿಡಿದ ಹಗ್ಗ ಹಿಡಿದವರೂ ಹೊರಗೇ. ಚಿತ್ತಮ್ಮ ಹಿಂದಕ್ಕೆ ನೋಡಿದಳು. ಜುಂಜಯ್ಯ ಕಂಬಳಿ ಬಿಟ್ಟು ಎದ್ದು ಬರುತ್ತಿದ್ದ. ಅವಳು ಬಗ್ಗಿ ತುದಿ ಹಿಡಿದು ಬಿಗಿಯಾಗಿ ಎಳೆದಳು. ಹಗ್ಗದ ಗುಂಟ ಕಾಲ್ಬೆರಳಿನಿಂದ ಒಂದು ಗೆರೆ ಗೀರಿದಳು. ಮಗಳು ಹಗ್ಗವನ್ನು ಎರಡನೇ ಗೆರೆಗೆ ಸರಿಸಿದ ಮೇಲೆ ಇನ್ನೊಂದು. ಎರಡೂ ಕೂಡಿದ ಕಡೆ ಒಂದು ಬೆಣಚುಕಲ್ಲು ಇಟ್ಟಳು.

"ಏನ್ ಮಾಡಿದೆ ಚಿತ್ತಮ್ಮ?"

"ಮುಟ್ಟಿಸ್ಕಂಡೆ ಮಾವ. ಇನ್ನು ನಾನೂ ಹೊರಗೆ. ಬೆಳಿಗ್ಗೆ ಇವಳ ಜತೆ ನಾನೇ ಹೋಗ್ತೀನಿ."

ಅವಳು ಸೆರಗು ಬಿಗಿದು ಸಂದು ದಾಟಿದಳು. ಮುಳ್ಳು ಎಳೆದು ಸಂದು ಮುಚ್ಚಲು ಬಂದ ಮುದುಕ ಬೆಣಚುಕಲ್ಲಿನ ಮುಂದೆ ನಿಂತುಬಿಟ್ಟ. ಕಲ್ಲು ಹಟ್ಟಿಯ ಒಳಗಿತ್ತು. ಎತ್ತಿ ಎಸೆಯಬೇಕೆಂದರೆ ಅದನ್ನು ಮುಟ್ಟಬೇಕಿತ್ತು.