ದೊಡ್ಡಹುಣಸೆಗೆ ಒಬ್ಬರು ಕಮ್ಮಿ

ಅರವತ್ತು ವರ್ಷದ ಹಿಂದಿನ ಮಾತು, ನನಗಾಗ ಒಂಬತ್ತು. ಇವತ್ತು ಮೊಮ್ಮಗಳು ಸವಣೂರಿನ ದೊಡ್ಡಹುಣಸೆ ಮರದ ತೆಂಗಿನಕಾಯಿಯಂಥ ಕಾಯಿ ಒಡೆದಳು. ಹುಳಿ ವಾಸನೆಗೆ ಆ ಮಧ್ಯಾಹ್ನ ನೆನಪಾಯಿತು.

ಸೋದರತ್ತೆಯ ಮನೆಯಲ್ಲಿ ದನದ ಕೆಲಸಕ್ಕಿದ್ದೆ. ಹಿರೇಕೆರೂರಿನಿಂದ ಬಂದ ಬೀಗರಿಗೆ ಅವಳು ಆ ಮರ ತೋರಿಸಲು ಹೋದಳು; ಬುತ್ತಿ ಹೊತ್ತು ನಾನೂ ಹಿಂದೆ ಹೋದೆ. ಆನೆಯ ಮೈಯಂಥ ಬೊಡ್ಡೆಯ ಸುತ್ತ ಎಲ್ಲರೂ ಕೈಕೈ ಹಿಡಿದು ನಿಂತರು. ಒಬ್ಬರು ಕಮ್ಮಿ ಬಿದ್ದರು. ನಾನು ಕೈ ಚಾಚಿ ಓಡಿದೆ.

"ಏ ಸಗಣಿ ಕೈ! ನೀ ಬುತ್ತಿ ಕಾಯ್ಕೊಂತ ಕುಂಡ್ರು," ಎಂದಳು ಅತ್ತೆ.

"ಬರ್ಲಿ ಬಿಡ್ರಿ, ಸಣ್ಣ ಹುಡುಗಿ," ಎಂದಳು ಬೀಗತಿ.

"ನಿಮ್ಮ ಸೀರಿಗೆ ಹತ್ತೀತ್ರಿ!" ಎಂದಳು ಅತ್ತೆ.

ಎಲ್ಲರೂ ನಕ್ಕರು. ಮರ ನೋಡಲು ಬಂದಿದ್ದ ಬೇರೆ ಯಾರೋ ಹೆಂಗಸನ್ನು ಕರೆದು ಸುತ್ತು ಮುಗಿಸಿದರು.

ಮರುದಿನ ಬೆಳಿಗ್ಗೆ, ಬೀಗರ ಚಹಾಕ್ಕೆ ಹಾಲು ಹಿಂಡಲು ಅತ್ತೆ ಚರಿಗೆ ಹಿಡಿದು ಬರುವ ಮೊದಲೇ ಎದ್ದು ಕರುವಿನ ಹಗ್ಗ ಬಿಚ್ಚಿದೆ. ಅದು ಎಮ್ಮೆಯ ಕೆಚ್ಚಲು ಬರಿದು ಮಾಡುವ ತನಕ ಪಕ್ಕದಲ್ಲೇ ನಿಂತಿದ್ದೆ.